ಬದ್ಲಾಪುರದಲ್ಲಿ ಮನೆ ಮಾಡುವ ಯೋಚನೆ: ನೀರು, ರೈಲು, ಶಾಲೆ, ಮಳೆಗಾಲ ಹೇಗೆ? ಅಲ್ಲಿನ ಕನ್ನಡಿಗರು ತಿಳಿಸಿ

ಘಾಟ್ಕೋಪರ್ ಬಾಡಿಗೆದಾರ:
ಎಲ್ಲರಿಗೂ ನಮಸ್ಕಾರ. ನಾವು ಘಾಟ್ಕೋಪರ್‌ನಲ್ಲಿ ಒಂದು ಕೋಣೆ ಮತ್ತು ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿದ್ದೇವೆ. ನನ್ನ ಕೆಲಸ ಇಲ್ಲಿಯೇ, ಹೆಂಡತಿಯ ಕೆಲಸ ಥಾಣೆಯಲ್ಲಿ. ಮಗಳು ಬರುವ ಜೂನ್‌ಗೆ ಒಂದನೇ ತರಗತಿ. ಕುಂದಾಪುರದ ಕಡೆ ಊರಿನಲ್ಲಿ ಒಬ್ಬರೇ ಇರುವ ಅಮ್ಮನನ್ನು ಇನ್ನು ಅಲ್ಲಿಯೇ ಬಿಡುವಂತಿಲ್ಲ. ನಮ್ಮ ಕೈಯಲ್ಲಿರುವ ಹಣಕ್ಕೆ ಎರಡು ಮಲಗುವ ಕೋಣೆಯ ಮನೆ ಸಿಗುವುದು ಮುಂಬೈಯ ಹೊರವಲಯದಲ್ಲಿ, ಕಲ್ಯಾಣದಿಂದಲೂ ಆಚೆಗಿರುವ ಬದ್ಲಾಪುರದಲ್ಲಿಯೇ ಎಂದು ಎಲ್ಲರೂ ಹೇಳುತ್ತಾರೆ. ಭಾನುವಾರ ಹೋಗಿ ನಾಲ್ಕಾರು ಕಟ್ಟಡಗಳನ್ನು ನೋಡಿ ಬಂದೆವು. ಕಿಟಕಿಯಿಂದ ಬೆಟ್ಟ ಕಾಣುತ್ತದೆ, ಗಾಳಿ ಬೆಳಕು ಚೆನ್ನಾಗಿದೆ, ಹೆಂಡತಿಗೆ ಮನಸ್ಸಾಗಿದೆ. ಆದರೆ ಏಜೆಂಟರು ಹೇಳುವುದನ್ನಷ್ಟೇ ನಂಬಿ ಜೀವಮಾನದ ಉಳಿತಾಯ ಹಾಕಲು ಧೈರ್ಯ ಬರುತ್ತಿಲ್ಲ. ಅಲ್ಲಿ ವಾಸವಾಗಿರುವವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಉಪಕಾರವಾಗುತ್ತದೆ.

ಕುಳಗಾಂವ್ ಹಳಬ:
ನಾನು ಧಾರವಾಡದವನು, ಕೆಲಸದಿಂದ ನಿವೃತ್ತನಾಗಿ ಇಲ್ಲಿಯೇ ನೆಲೆಸಿದ್ದೇನೆ. ಮೊದಲು ಊರು ಹೇಗೆ ಬೆಳೆಯಿತು ಎಂಬುದನ್ನು ತಿಳಿದುಕೊಳ್ಳಿ. ಉಳಿದ ಎಲ್ಲ ತೊಂದರೆಗಳ ಮೂಲ ಅಲ್ಲಿದೆ. 2001ರ ಜನಗಣತಿಯಲ್ಲಿ ನಮ್ಮ ನಗರಸಭೆ ಕುಳಗಾಂವ್-ಬದ್ಲಾಪುರದ ಜನಸಂಖ್ಯೆ ಒಂದು ಲಕ್ಷದೊಳಗಿತ್ತು. 2011ರಲ್ಲಿ ಅದು ಸುಮಾರು 1.74 ಲಕ್ಷವಾಯಿತು. ಆಮೇಲೆ ಎದ್ದ ಕಟ್ಟಡಗಳನ್ನು ನೀವೇ ನೋಡಿದ್ದೀರಿ. ಭತ್ತದ ಗದ್ದೆ ಇದ್ದಲ್ಲಿ ಏಳು ಮಹಡಿ, ನೇರಳೆ ತೋಪು ಇದ್ದಲ್ಲಿ ಹದಿನಾಲ್ಕು ಮಹಡಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬದ್ಲಾಪುರದ ನೇರಳೆ ಹಣ್ಣನ್ನು ಈಗ ಜೂನ್ ತಿಂಗಳಲ್ಲಿ ಹುಡುಕಿಕೊಂಡು ಹೋಗಬೇಕು. ಮನೆಗಳು ಬೇಗ ಬಂದವು. ರಸ್ತೆ, ನೀರಿನ ಕೊಳವೆ, ಚರಂಡಿ, ಸೇತುವೆ, ಆಟದ ಮೈದಾನ ಇವೆಲ್ಲ ನಿಧಾನವಾಗಿ ಹಿಂದಿನಿಂದ ಬರುತ್ತಿವೆ.

ಆದ್ದರಿಂದ ಬದ್ಲಾಪುರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಯಾವ ಬಡಾವಣೆ, ಯಾವ ರಸ್ತೆ, ಯಾವ ಕಟ್ಟಡ ಎಂದು ಕೇಳಬೇಕು. ಪೂರ್ವದಲ್ಲಿ ಕಾತ್ರಪ್, ಶಿರಗಾಂವ್, ಖರವೈ ಒಂದು ಬಗೆ. ಪಶ್ಚಿಮದಲ್ಲಿ ಬೆಲವಲಿ, ಮಾಂಜರ್ಲಿ, ಹೇಂದ್ರೆಪಾಡಾ, ಸೋನಿವಲಿ ಇನ್ನೊಂದು ಬಗೆ. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಕೋಣೆ ಸ್ವಲ್ಪ ಚಿಕ್ಕದಾದರೂ ಅದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಡೊಂಬಿವಲಿ ನಿವಾಸಿ:
ನನ್ನ ಮಾತು ಕಠಿಣವೆನಿಸಬಹುದು, ಆದರೂ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ರೈಲಿನಲ್ಲಿ ಹೋಗಿ ಬರುವವರು, ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದ ತಾಯಿ. ಇಂಥ ಸಂಸಾರಕ್ಕೆ ಬದ್ಲಾಪುರ ಬೇಡ. ದಿನಕ್ಕೆ ಮೂರು ಗಂಟೆ ರೈಲಿನಲ್ಲಿಯೇ ಕಳೆದರೆ ಆ ದೊಡ್ಡ ಮನೆಯಲ್ಲಿ ನೀವು ಇರುವುದು ಯಾವಾಗ? 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳಿಂದ ಬಿದ್ದು ಪ್ರಯಾಣಿಕರು ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ಮುಂಬೈಗೆ ಇನ್ನೂ ಹತ್ತಿರವಿರುವ ನಮ್ಮ ಡೊಂಬಿವಲಿಯಲ್ಲಿ ಹಳೆಯ ಕಟ್ಟಡವಾದರೂ ಸರಿ, ಬಾಡಿಗೆಯಾದರೂ ಸರಿ, ಇತ್ತ ಕಡೆ ನೋಡಿ. ಕನ್ನಡದವರೂ ಇಲ್ಲಿ ಹೆಚ್ಚು. ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯ ಇದೆ, ಯಕ್ಷಗಾನ ಇದೆ, ತಾಯಿಗೆ ಮಾತನಾಡಲು ನಾಲ್ಕು ಜನ ಸಿಗುತ್ತಾರೆ.

ಮಹಿಳಾ ಡಬ್ಬಿ:
ಡೊಂಬಿವಲಿಯವರೇ, ನಿಮ್ಮ ಕಾಳಜಿ ಸರಿ. ಆದರೆ ರೈಲಿನ ಲೆಕ್ಕ ನೀವು ಹೇಳಿದಷ್ಟು ಸರಳವಲ್ಲ. ಬೆಳಿಗ್ಗೆ ಡೊಂಬಿವಲಿಯಲ್ಲಿ ಹತ್ತುವವರಿಗೆ ಕಾಲಿಡಲೂ ಜಾಗವಿರುವುದಿಲ್ಲ. ಬದ್ಲಾಪುರದಿಂದಲೇ ಹೊರಡುವ ಲೋಕಲ್‌ಗಳಿವೆ. ಹತ್ತು ನಿಮಿಷ ಮೊದಲು ಹೋಗಿ ಸಾಲಿನಲ್ಲಿ ನಿಂತರೆ ಕೂರಲು ಜಾಗ ಸಿಗುವ ಸಾಧ್ಯತೆ ಚೆನ್ನಾಗಿದೆ. ಮುಂಬೈ ಕಡೆಯ ಪಕ್ಕದ ನಿಲ್ದಾಣವಾದ ಅಂಬರನಾಥದವರು ಸೀಟಿಗಾಗಿ ಹಿಮ್ಮುಖವಾಗಿ ಬದ್ಲಾಪುರದವರೆಗೆ ಬಂದು ಅದೇ ಗಾಡಿಯಲ್ಲಿ ಕುಳಿತು ಹೋಗುತ್ತಾರೆ, ಅದರಿಂದ ನಮ್ಮಲ್ಲಿ ದಿನವೂ ವಾಗ್ವಾದ ನಡೆಯುತ್ತದೆ. ಇನ್ನೂ ಆಚೆಯ ಕರ್ಜತ್ ಅಥವಾ ಖೋಪೋಲಿಯಿಂದ ಬರುವ ಗಾಡಿಯಾದರೆ ನಿಂತೇ ಹೋಗಬೇಕು.

ಥಾಣೆಯಲ್ಲಿ ಇಳಿಯುವವರ ಕಷ್ಟ ಬೇರೆ. ಸೀಟು ಸಿಕ್ಕಿದ್ದರೂ ಡೊಂಬಿವಲಿ ಬಿಟ್ಟ ಕೂಡಲೇ ಎದ್ದು ಬಾಗಿಲಿನ ಕಡೆ ಸರಿಯುತ್ತಾ ಬರಬೇಕು. ಮುಂದೆ ನಿಂತವರನ್ನು ‘ಥಾಣೆ? ಥಾಣೆ?’ ಎಂದು ಒಬ್ಬೊಬ್ಬರನ್ನಾಗಿ ಕೇಳಿ ಜಾಗ ಬದಲಿಸಿಕೊಳ್ಳಬೇಕು. ಅದಕ್ಕೊಂದು ಅಭ್ಯಾಸ ಬೇಕು, ಒಂದು ತಿಂಗಳಲ್ಲಿ ಬರುತ್ತದೆ. ಸಂಜೆ ಥಾಣೆಯಲ್ಲಿ ಹತ್ತುವುದು ಬೆಳಗಿನದಕ್ಕಿಂತ ಕಷ್ಟ. ಗಾಡಿ ಮುಂಬೈಯಿಂದಲೇ ತುಂಬಿ ಬಂದಿರುತ್ತದೆ. ನಾನು ಕಚೇರಿಯಲ್ಲಿ ಕೇಳಿಕೊಂಡು ಅರ್ಧ ಗಂಟೆ ಮೊದಲು ಹೋಗಿ ಅರ್ಧ ಗಂಟೆ ಮೊದಲು ಹೊರಡುವ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಆ ಅರ್ಧ ಗಂಟೆಯಿಂದಲೇ ನನ್ನ ಸಂಸಾರ ನಡೆಯುತ್ತಿದೆ. ನಿಮ್ಮ ಮನೆಯವರು ತಮ್ಮ ಕಚೇರಿಯಲ್ಲಿ ಇದಕ್ಕೆ ಒಪ್ಪುತ್ತಾರೆಯೇ ಎಂದು ಮೊದಲು ವಿಚಾರಿಸಲಿ. ಒಪ್ಪದಿದ್ದರೆ ಡೊಂಬಿವಲಿಯವರ ಮಾತಿಗೆ ತೂಕ ಹೆಚ್ಚುತ್ತದೆ.

ಘಾಟ್ಕೋಪರ್ ಬಾಡಿಗೆದಾರ:
ಅಕ್ಕ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಫಾಸ್ಟ್ ಗಾಡಿ ಹಿಡಿದರೆ ಒಂದು ಗಂಟೆಯಲ್ಲಿ ಘಾಟ್ಕೋಪರ್ ಎಂದು ಏಜೆಂಟರು ಹೇಳಿದ್ದರು. ಹೊಸ ಹಳಿ ಬರುತ್ತದೆ, ಮೆಟ್ರೋ ಬರುತ್ತದೆ ಎಂದೂ ಹೇಳಿದರು.

ಕುಳಗಾಂವ್ ಹಳಬ:
ಒಂದು ಗಂಟೆಯ ಆಸುಪಾಸು ಎಂಬುದು ವೇಳಾಪಟ್ಟಿಯ ಲೆಕ್ಕ. ಕಲ್ಯಾಣದವರೆಗೆ ಫಾಸ್ಟ್ ಮತ್ತು ಸ್ಲೋ ಗಾಡಿಗಳಿಗೆ ಬೇರೆ ಬೇರೆ ಹಳಿಗಳಿವೆ. ಕಲ್ಯಾಣದಿಂದ ಈಚೆಗೆ ಹೋಗುವುದಕ್ಕೊಂದು, ಬರುವುದಕ್ಕೊಂದು ಹಳಿ ಮಾತ್ರ. ಪುಣೆ, ಸೊಲ್ಲಾಪುರದ ಎಕ್ಸ್‌ಪ್ರೆಸ್‌ಗಳು, ಸರಕು ಗಾಡಿಗಳು, ನಮ್ಮ ಲೋಕಲ್‌ಗಳು ಎಲ್ಲವೂ ಅದರ ಮೇಲೆಯೇ ಓಡಬೇಕು. ಒಂದು ಎಕ್ಸ್‌ಪ್ರೆಸ್ ತಡವಾದರೆ ಅದರ ಹಿಂದೆ ಲೋಕಲ್ ನಿಲ್ಲುತ್ತದೆ. ಈ ಕಾರಣಕ್ಕೇ ಕಲ್ಯಾಣ್-ಬದ್ಲಾಪುರ ನಡುವೆ ಮೂರನೇ ಮತ್ತು ನಾಲ್ಕನೇ ಹಳಿ ಹಾಕುವ ಯೋಜನೆ, ಮುಂಬೈ ನಗರ ಸಾರಿಗೆ ಯೋಜನೆಯ 3ಎ ಹಂತದಲ್ಲಿ ಸೇರಿದೆ. ಸುಮಾರು 14 ಕಿಲೋಮೀಟರ್. ಅಂಬರನಾಥ್ ಮತ್ತು ಬದ್ಲಾಪುರದ ನಡುವೆ ಚಿಖಲೋಲಿ ಎಂಬ ಹೊಸ ನಿಲ್ದಾಣವೂ ಬರಬೇಕಾಗಿದೆ. ಈ ಹಳಿಗಳಿಂದ ನಿಜವಾದ ಉಪಯೋಗವಿದೆ. ಕಾಂಜುರ್‌ಮಾರ್ಗ್-ಬದ್ಲಾಪುರ ಮೆಟ್ರೋ 14 ಇನ್ನೂ ದೂರದ ಮಾತು. ಅದನ್ನು ನಂಬಿ ಚದರಡಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಈವತ್ತು ಓಡುತ್ತಿರುವ ಗಾಡಿಯನ್ನು ನೋಡಿ ಮನೆ ಕೊಳ್ಳಿ.

ಕಲಬುರಗಿಯವ, ಕಾತ್ರಪ್:
ನಮಸ್ಕಾರ ಅಣ್ಣ. ನಾನು ನಮ್ಮ ಕಟ್ಟಡದ ನಿವಾಸಿಗಳ ಸೊಸೈಟಿಯ ಕಾರ್ಯದರ್ಶಿ. ನೀರಿನ ವಿಷಯ ನನಗೆ ಬಿಡಿ.

ಊರಿನ ನೀರು ಮುಖ್ಯವಾಗಿ ಉಲ್ಹಾಸ್ ನದಿಯ ಬ್ಯಾರೇಜ್‌ನಿಂದ ಬರುತ್ತದೆ. ಹತ್ತಿರದಲ್ಲಿಯೇ ಬಾರವಿ ಅಣೆಕಟ್ಟು ಇದೆ, ಆದರೆ ಅಣೆಕಟ್ಟು ಹತ್ತಿರವಿದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ನೀರು ಏರಿಸುವ ಟಾಕಿ, ಅಲ್ಲಿಂದ ಬಡಾವಣೆಗೆ ಬರುವ ಕೊಳವೆಯ ಗಾತ್ರ, ನಿಮ್ಮ ಕಟ್ಟಡ ಆ ಕೊಳವೆಯ ಆರಂಭದಲ್ಲಿದೆಯೋ ತುದಿಯಲ್ಲಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತುದಿಯಲ್ಲಿರುವ ಎತ್ತರದ ಕಟ್ಟಡಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ಬೇಕೇ ಬೇಕು. ಬಿಸಿಲು 40 ಡಿಗ್ರಿ ದಾಟುವ ಊರು ಇದು, ಸಮುದ್ರದ ಗಾಳಿ ಇಲ್ಲಿಯವರೆಗೆ ಬರುವುದಿಲ್ಲ.

ಮಾದರಿ ಮನೆ ತೋರಿಸುವವರು ನೀರಿನ ಬಗ್ಗೆ ಹೇಳುವುದನ್ನು ಕೇಳಬೇಡಿ. ನೇರವಾಗಿ ವಾಚ್‌ಮನ್ ಕೋಣೆಗೆ ಹೋಗಿ. ಗೋಡೆಯ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಉದ್ದನೆಯ ಪುಸ್ತಕ ಇರುತ್ತದೆ. ಅದರಲ್ಲಿ ಟ್ಯಾಂಕರಿನ ನಂಬರು, ಬಂದ ಸಮಯ, ಚಾಲಕನ ಸಹಿ ಎಲ್ಲ ಬರೆದಿರುತ್ತದೆ. ಮೇ ತಿಂಗಳ ಪುಟಗಳನ್ನು ತಿರುವಿ ನೋಡಿ, ಪುಟ ತುಂಬಿದ್ದರೆ ಉತ್ತರ ಸಿಕ್ಕಿತು. ಹಾಗೆಯೇ ಸೊಸೈಟಿಯ ವಾರ್ಷಿಕ ಲೆಕ್ಕಪತ್ರ ಕೇಳಿ. ಟ್ಯಾಂಕರ್ ಖರ್ಚು ಎಂಬ ಸಾಲು ಎಷ್ಟು ದೊಡ್ಡದಿದೆಯೋ ನಿಮ್ಮ ತಿಂಗಳ ಮೇಂಟೆನೆನ್ಸ್ ಅಷ್ಟು ಏರುತ್ತದೆ. ಬ್ಯಾಂಕಿನ ಕಂತು ಲೆಕ್ಕ ಹಾಕಿದವರು ಇದನ್ನು ಲೆಕ್ಕ ಹಾಕುವುದಿಲ್ಲ.

ಕಾಗದಪತ್ರದ ವಿಷಯ. ಒಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ ಇಲ್ಲದ ಕಟ್ಟಡದಲ್ಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೈ ಹಾಕಬೇಡಿ. ಕಟ್ಟುತ್ತಿರುವ ಕಟ್ಟಡವಾದರೆ ಮಹಾರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಕೇಳಿ, ಅವರ ಜಾಲತಾಣದಲ್ಲಿ ನೀವೇ ತೆರೆದು ನೋಡಿ: ಮುಗಿಸುವ ದಿನಾಂಕ ಎಷ್ಟು ಬಾರಿ ಮುಂದೆ ಹೋಗಿದೆ, ಜಮೀನಿನ ಮೇಲೆ ಸಾಲವಿದೆಯೇ, ವ್ಯಾಜ್ಯವಿದೆಯೇ ಎಂಬುದು ಅಲ್ಲಿರುತ್ತದೆ. ನೋಂದಾಯಿತ ಕರಾರು ಆಗುವ ಮೊದಲು ಮನೆಯ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳಲು ರೇರಾ ಕಾಯ್ದೆಯಲ್ಲಿ ಅವಕಾಶವಿಲ್ಲ. ‘ಈಗ ಬುಕ್ ಮಾಡಿದರೆ ರಿಯಾಯಿತಿ’ ಎಂದು ಅವಸರಪಡಿಸಿದರೆ ಈ ಮಾತನ್ನು ಅವರಿಗೆ ನೆನಪಿಸಿ. ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ ಇದೆ. 60 ಚದರ ಮೀಟರಿನೊಳಗಿನ, 45 ಲಕ್ಷದೊಳಗಿನ ಮನೆಗೆ ಶೇಕಡಾ 1, ಅದಕ್ಕೆ ಮೇಲ್ಪಟ್ಟರೆ 5. ಒಸಿ ಬಂದ ಮೇಲೆ ಕೊಂಡರೆ ಇಲ್ಲ. ಮನೆ ಅತ್ತಿಗೆಯ ಹೆಸರಿನಲ್ಲಿ ಮಾತ್ರ ನೋಂದಣಿಯಾದರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರ ರಿಯಾಯಿತಿಯೂ ಇದೆ, ಅದನ್ನು ಬಿಡಬೇಡಿ.

ಉಲ್ಹಾಸ್ ದಂಡೆ:
ಪಶ್ಚಿಮದಲ್ಲಿ ಮನೆ ನೋಡುತ್ತಿರುವವರು ನನ್ನ ಮಾತನ್ನು ದಯವಿಟ್ಟು ಪೂರ್ತಿ ಓದಿ. 2005ರ ಜುಲೈ 26ರ ಮಹಾಮಳೆ, ಪ್ರವಾಹ ಎಲ್ಲರಿಗೂ ಗೊತ್ತು. 2019ರ ಜುಲೈ 27ರ ಬೆಳಿಗ್ಗೆ ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಯ ನಡುವೆ ನೀರಿನ ಮಧ್ಯೆ ನಿಂತಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಯಲ್ಲಿ ಕರೆತಂದರು. ಆ ರೈಲನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅದೇ ನೀರು ನದಿಯ ಬದಿಯ ಬಡಾವಣೆಗಳ ನೆಲಮಹಡಿಗಳಿಗೂ ನುಗ್ಗಿತ್ತು. 2021ರ ಜುಲೈಯಲ್ಲಿ ಮತ್ತೆ ಬಂತು.

ನಮ್ಮದು ಎರಡನೇ ಮಹಡಿ. ನೀರು ಮನೆಯೊಳಗೆ ಬರಲಿಲ್ಲ, ಆದರೆ ಕೆಳಗೆ ನಿಲ್ಲಿಸಿದ್ದ ಗಾಡಿಗಳು, ಮೀಟರ್ ಪೆಟ್ಟಿಗೆ, ನೀರೆತ್ತುವ ಪಂಪು, ಲಿಫ್ಟಿನ ಗುಂಡಿ ಎಲ್ಲವೂ ಕೆಸರಿನಲ್ಲಿ ಮುಳುಗಿದವು. ನೀರು ಇಳಿದ ಮೇಲೆ ಕರೆಂಟು ಇಲ್ಲ, ಕರೆಂಟು ಇಲ್ಲದೆ ಪಂಪಿಲ್ಲ, ಪಂಪಿಲ್ಲದೆ ಮೇಲಿನ ಮಹಡಿಗಳಲ್ಲಿ ಕುಡಿಯುವ ನೀರಿಲ್ಲ. ಕೆಳಗಿನ ಮನೆಯವರು ಮಕ್ಕಳ ಪುಸ್ತಕ, ಅಕ್ಕಿ ಚೀಲ, ಹಾಸಿಗೆ ಎಲ್ಲವನ್ನೂ ರಸ್ತೆಗೆ ತಂದು ಹಾಕಿದ್ದರು. ಗೋಡೆಯ ಮೇಲೆ ಕೆಸರಿನ ಗೆರೆ ಎದೆ ಎತ್ತರಕ್ಕಿತ್ತು. ಆಮೇಲೆ ಬಣ್ಣ ಬಳಿದರು. ಹೊಸದಾಗಿ ಮನೆ ನೋಡಲು ಬರುವವರಿಗೆ ಆ ಗೆರೆ ಈಗ ಕಾಣುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನದಿಗೆ ಎರಡು ಪ್ರವಾಹ ರೇಖೆಗಳನ್ನು ಗುರುತಿಸುತ್ತಾರೆ. ನೀಲಿ ರೇಖೆ ಎಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ, ಕೆಂಪು ರೇಖೆ ಎಂದರೆ 100 ವರ್ಷಕ್ಕೊಮ್ಮೆ ಬರಬಹುದಾದ ಮಟ್ಟ. ಜಮೀನಿನ ಸಾತ್‌ಬಾರಾ ಉತಾರೆಯಲ್ಲಿರುವ (ನಮ್ಮ ಕಡೆಯ ಪಹಣಿಯಂಥದ್ದು) ಸರ್ವೆ ಸಂಖ್ಯೆ ತೆಗೆದುಕೊಂಡು ಅದು ಈ ರೇಖೆಗಳ ಒಳಗಿದೆಯೇ ಹೊರಗಿದೆಯೇ ಎಂದು ನಕ್ಷೆಯಲ್ಲಿ ನೋಡಿಸಿ. ನಕ್ಷೆ ಓದಲು ಬಾರದಿದ್ದರೆ ವಾಸ್ತುಶಿಲ್ಪಿಯೊಬ್ಬರಿಗೆ ಸ್ವಲ್ಪ ಹಣ ಕೊಟ್ಟು ಕೇಳಿ, ಆ ಹಣ ವ್ಯರ್ಥವಲ್ಲ. ಮಳೆಗಾಲದಲ್ಲಿ ಬದ್ಲಾಪುರ ಸೇತುವೆಯ ಬಳಿ ಉಲ್ಹಾಸ್ ನದಿಯ ಎಚ್ಚರಿಕೆಯ ಮಟ್ಟ 16.50 ಮೀಟರ್, ಅಪಾಯದ ಮಟ್ಟ 17.50 ಮೀಟರ್. ನದಿಯ ಬದಿಯಲ್ಲಿರುವ ನಮಗೆಲ್ಲ ಈ ಎರಡು ಅಂಕಿಗಳು ಬಾಯಿಪಾಠ.

ಘಾಟ್ಕೋಪರ್ ಬಾಡಿಗೆದಾರ:
ಸರ್, ನಾವು ನೋಡಿ ಮೆಚ್ಚಿದ ಒಂದು ಕಟ್ಟಡದಿಂದ ನದಿ ಕಾಣುತ್ತಿತ್ತು. ‘ರಿವರ್ ವ್ಯೂ’ ಎಂದು ಹೆಚ್ಚು ಬೆಲೆ ಹೇಳಿದ್ದರು. ಆ ಕಟ್ಟಡವನ್ನು ಪಟ್ಟಿಯಿಂದ ತೆಗೆದುಹಾಕಿದೆ. ಅಮ್ಮನ ಬಗ್ಗೆ ಮತ್ತು ಮಗಳ ಶಾಲೆಯ ಬಗ್ಗೆಯೂ ಯಾರಾದರೂ ಹೇಳುತ್ತೀರಾ?

ಬೆಲವಲಿ ಗೃಹಿಣಿ:
ನಮ್ಮ ಅತ್ತೆಯವರು ಬ್ರಹ್ಮಾವರದವರು, ಅವರನ್ನು ಇಲ್ಲಿಗೆ ಕರೆತಂದು ಒಗ್ಗಿಸಿದವಳು ನಾನು. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮುಂಬೈಯ ಒಳಗಿನ ಮನೆಗಿಂತ ಇಲ್ಲಿ ಹಿರಿಯರಿಗೆ ಮನಸ್ಸು ಹಿಡಿಯುತ್ತದೆ. ನಮ್ಮ ಬದಿಯ ಓಣಿಗಳಲ್ಲಿ ಇನ್ನೂ ಮರಗಳಿವೆ, ಬೆಳಿಗ್ಗೆ ನಡೆಯಬಹುದು. ಮಳೆಗಾಲ ಆರಂಭವಾದರೆ ಸುತ್ತಲಿನ ಪಾಡಾಗಳಿಂದ, ಅಂದರೆ ಆದಿವಾಸಿ ಹಾಡಿಗಳಿಂದ ಹೆಂಗಸರು ನಿಲ್ದಾಣದ ಹತ್ತಿರ ಕಾಡಿನ ಸೊಪ್ಪು ತಂದು ಮಾರುತ್ತಾರೆ. ಗೋಣಿಯ ಮೇಲೆ ಗುಡ್ಡೆ ಹಾಕಿದ ಟಾಕಳಾ ಸೊಪ್ಪನ್ನು ನೋಡಿ ಅತ್ತೆ ಅಲ್ಲಿಯೇ ಕುಳಿತುಬಿಟ್ಟರು, ನಮ್ಮೂರಿನ ತಜಂಕ್ ಅದೇ ಅಲ್ಲವೇ! ಎಳೆ ಚಿಗುರನ್ನೇ ಆರಿಸಿ ತಂದು ಹಲಸಿನ ಬೀಜ ಹಾಕಿ ಪಲ್ಯ ಮಾಡಿದರು. ಮಡಹಾಗಲವೂ ಬರುತ್ತದೆ, ಎಳೆ ಬಿದಿರಿನ ಕಳಲೆಯೂ ಬರುತ್ತದೆ. ಈಗ ಆ ಹೆಂಗಸರು ಅತ್ತೆಯನ್ನು ‘ಆಜಿ’ ಎಂದು ಕರೆದು ಮಾತನಾಡಿಸುತ್ತಾರೆ. ಅತ್ತೆಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು, ಸೊಪ್ಪಿನ ವ್ಯಾಪಾರ ಮಾತ್ರ ಸುಗಮವಾಗಿ ನಡೆಯುತ್ತದೆ.

ಕಷ್ಟಗಳೂ ಇವೆ. ಸಣ್ಣಪುಟ್ಟ ಜ್ವರ, ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಊರಿನಲ್ಲಿಯೇ ಒಳ್ಳೆಯ ವೈದ್ಯರಿದ್ದಾರೆ. ಹೃದಯಾಘಾತ, ಪಾರ್ಶ್ವವಾಯು, ಮೂಳೆ ಮುರಿತದಂಥ ದೊಡ್ಡ ತೊಂದರೆಗೆ ಹೆಚ್ಚಿನವರು ಉಲ್ಹಾಸನಗರ, ಕಲ್ಯಾಣ್ ಅಥವಾ ಥಾಣೆಗೆ ಓಡುತ್ತಾರೆ. ರಾತ್ರಿ ಎರಡು ಗಂಟೆಗೆ ಒಂದು ಮಾತು, ಸಂಜೆ ಏಳು ಗಂಟೆಯ ವಾಹನ ದಟ್ಟಣೆಯಲ್ಲಿ ಇನ್ನೊಂದು ಮಾತು. ಆಂಬುಲೆನ್ಸ್‌ಗೆ 108 ಇದೆ, ಆದರೂ ಹತ್ತಿರದಲ್ಲಿ ಗಾಡಿ ಇಟ್ಟುಕೊಂಡವರ ಎರಡು ನಂಬರುಗಳು ನಿಮ್ಮ ಬಳಿ ಇರಲಿ. ಅಮ್ಮ ಹಗಲು ಹೊತ್ತು ಒಬ್ಬರೇ ಇರುತ್ತಾರೆ ಎಂದರೆ ಲಿಫ್ಟಿಗೆ ಜನರೇಟರ್ ಸಂಪರ್ಕ ಇರುವ ಕಟ್ಟಡವನ್ನೇ ನೋಡಿ. ಜೂನ್‌ನ ಮೊದಲ ಗಾಳಿ ಮಳೆಗೆ ಕರೆಂಟು ಹೋದರೆ ಬೇಗ ಬರುವುದಿಲ್ಲ.

ಶಾಲೆಗಳು ಬೇಕಾದಷ್ಟಿವೆ, ಮರಾಠಿ ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಎರಡೂ. ಕಟ್ಟಡದ ಅಂದಕ್ಕಿಂತ ಮೂರು ವಿಷಯ ನೋಡಿ: ಮೈದಾನ ಇದೆಯೇ, ಶಿಕ್ಷಕರು ವರ್ಷ ವರ್ಷವೂ ಬದಲಾಗುತ್ತಾರೆಯೇ, ಮಕ್ಕಳ ವಾಹನದಲ್ಲಿ ಮತ್ತು ಶೌಚಾಲಯದ ಬಳಿ ಮಹಿಳಾ ಸಿಬ್ಬಂದಿ ಇದ್ದಾರೆಯೇ. ಕೊನೆಯದನ್ನು ಕೇಳಲು ಸಂಕೋಚಪಡಬೇಡಿ. ಉತ್ತರ ಕೊಡಲು ಹಿಂಜರಿಯುವ ಶಾಲೆಗೆ ಮಗುವನ್ನು ಸೇರಿಸಬೇಡಿ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ, ಅದನ್ನು ಮಗು ಬೇಗ ಕಲಿಯುತ್ತದೆ. ಕನ್ನಡವನ್ನು ಮನೆಯಲ್ಲಿ ನಾವೇ ಕಲಿಸಬೇಕು. ಅಜ್ಜಿ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಕನ್ನಡ ಶಾಲೆ ಯಾವುದಿದೆ? ಮಗಳು ಮರಾಠಿ ಓದತೊಡಗಿದ ಮೇಲೆ ಇಲ್ಲಿನ ಗ್ರಂಥಸಖಾ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಹಳೆಯ ಅಪರೂಪದ ಮರಾಠಿ ಪುಸ್ತಕಗಳಿಗೆ ಹೆಸರಾದದ್ದು. ಇಂಥದೊಂದು ನಮ್ಮ ಊರಿನಲ್ಲಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಡೊಂಬಿವಲಿ ನಿವಾಸಿ:
ನಿಮ್ಮ ಅತ್ತೆಯವರ ವಿಷಯ ಓದಿ ಸಂತೋಷವಾಯಿತು. ಆದರೂ ನನ್ನ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ಊರಿಗೆ ಹೋಗಿ ಬರುವುದನ್ನೂ ಯೋಚಿಸಿ. ಕರಾವಳಿಗೆ ಹೋಗಬೇಕೆಂದರೆ ಥಾಣೆಗೋ ಪನ್ವೇಲ್‌ಗೋ ಬಂದು ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹಿಡಿಯಬೇಕು. ಸಾಮಾನು, ಮಗು, ಮುದುಕಿ ತಾಯಿ, ಎಷ್ಟು ಕಷ್ಟ!

ಕಲಬುರಗಿಯವ, ಕಾತ್ರಪ್:
ನಮಗೆ ಸೊಲ್ಲಾಪುರ, ಕಲಬುರಗಿ ಕಡೆಯವರಿಗೆ ಅನುಕೂಲವೇ, ಕಲ್ಯಾಣದಲ್ಲಿ ಉದ್ಯಾನ್, ಸಿದ್ಧೇಶ್ವರ್ ಎರಡೂ ಎಕ್ಸ್‌ಪ್ರೆಸ್‌ಗಳು ನಿಲ್ಲುತ್ತವೆ. ಕರಾವಳಿಯವರಿಗೆ ತೊಂದರೆ ಎಂಬುದು ನಿಜ. ಪನ್ವೇಲ್-ಕರ್ಜತ್ ಉಪನಗರ ಮಾರ್ಗದಲ್ಲಿ ಲೋಕಲ್‌ಗಳು ಸರಿಯಾಗಿ ಓಡತೊಡಗಿದರೆ ಬದ್ಲಾಪುರದಿಂದ ಕರ್ಜತ್ ಮೂಲಕ ಪನ್ವೇಲ್ ಸೇರಬಹುದು. ಅಲ್ಲಿಯವರೆಗೆ ಅಮ್ಮನಿಗೆ ಥಾಣೆಯೇ ಗತಿ.

ಕುಳಗಾಂವ್ ಹಳಬ:
ಡೊಂಬಿವಲಿಯವರೂ ಬೆಲವಲಿಯವರೂ ಇಬ್ಬರೂ ಸರಿ. ಯಾರು ಹೆಚ್ಚು ಸರಿ ಎಂಬುದನ್ನು ಈ ಸಂಸಾರವೇ ತಿಳಿದುಕೊಳ್ಳಬೇಕು, ಅದಕ್ಕೆ ದಾರಿಯೂ ಇದೆ. ಕೊಳ್ಳುವ ಮೊದಲು ಹನ್ನೊಂದು ತಿಂಗಳು ಬಾಡಿಗೆಗೆ ಇದ್ದು ನೋಡಿ. ಏಪ್ರಿಲ್ ಕೊನೆಗೆ ಬಂದುಬಿಡಿ. ಮೇ ತಿಂಗಳ ನೀರು, ಜೂನ್‌ನ ಶಾಲೆ, ಜುಲೈಯ ನದಿ, ಆಗಸ್ಟ್‌ನ ರೈಲು ಎಲ್ಲವೂ ಗೊತ್ತಾಗುತ್ತದೆ. ಘಾಟ್ಕೋಪರ್‌ನ ಬಾಡಿಗೆಗೆ ಹೋಲಿಸಿದರೆ ಹಣವೂ ಉಳಿಯುತ್ತದೆ. ಮನೆಯ ಬೆಲೆ ಏರಿಬಿಡುತ್ತದೆ ಎಂದು ಏಜೆಂಟರು ಹೆದರಿಸುತ್ತಾರೆ. ಇಷ್ಟೊಂದು ಕಟ್ಟಡಗಳು ಏಳುತ್ತಿರುವ ಊರಿನಲ್ಲಿ ಒಂದು ವರ್ಷದಲ್ಲಿ ಮನೆಗಳು ಮುಗಿದುಹೋಗುವುದಿಲ್ಲ.

ಘಾಟ್ಕೋಪರ್ ಬಾಡಿಗೆದಾರ:
ಮನೆಯಲ್ಲಿ ಕುಳಿತು ಎಲ್ಲರ ಉತ್ತರಗಳನ್ನೂ ಓದಿ ಹೇಳಿದೆ. ಹೆಂಡತಿ ಕಚೇರಿಯಲ್ಲಿ ಸಮಯದ ಬಗ್ಗೆ ಕೇಳಿದ್ದಾಳೆ, ಒಪ್ಪುವ ಸೂಚನೆ ಇದೆ. ಬಾಡಿಗೆಗೆ ಇದ್ದು ನೋಡುವುದೇ ಸರಿ ಎಂದು ಇಬ್ಬರಿಗೂ ಅನಿಸಿತು. ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿ, ಪೂರ್ವದಲ್ಲಿ ಹುಡುಕುತ್ತೇವೆ. ಬಾಡಿಗೆ ಕರಾರಿನಲ್ಲಿ ಏನು ನೋಡಬೇಕು?

ಕಲಬುರಗಿಯವ, ಕಾತ್ರಪ್:
ಲೀವ್ ಆ್ಯಂಡ್ ಲೈಸೆನ್ಸ್ ಕರಾರು ನೋಂದಣಿಯಾಗಲೇಬೇಕು, ಕಾನೂನಿನ ಪ್ರಕಾರ ಅದು ಮನೆ ಮಾಲೀಕರ ಹೊಣೆ. ಮನೆಗೆ ಬಂದು ಬೆರಳಚ್ಚು ತೆಗೆದು ಆನ್‌ಲೈನ್ ನೋಂದಣಿ ಮಾಡಿಸುವವರಿದ್ದಾರೆ. ಮೇಂಟೆನೆನ್ಸ್ ಮತ್ತು ಟ್ಯಾಂಕರ್ ಖರ್ಚು ಯಾರದು ಎಂದು ಬರೆಸಿಕೊಳ್ಳಿ. ನಮ್ಮ ಕಟ್ಟಡದಲ್ಲಿ ಮೂರನೇ ಮಹಡಿಯ ಮನೆ ಮಾರ್ಚ್‌ನಲ್ಲಿ ಖಾಲಿಯಾಗುತ್ತದೆ, ಮಾಲೀಕರನ್ನು ಕೇಳಿ ತಿಳಿಸುತ್ತೇನೆ. ಬಂದರೆ ವಾಚ್‌ಮನ್ ಪುಸ್ತಕವನ್ನು ನಾನೇ ತೆರೆದು ತೋರಿಸುತ್ತೇನೆ.

ಮಹಿಳಾ ಡಬ್ಬಿ:
ಮನೆ ನೋಡಲು ಭಾನುವಾರ ಬರಬೇಡಿ. ಹಿಂದಿನ ರಾತ್ರಿ ಬಂದು ಯಾರ ಮನೆಯಲ್ಲಾದರೂ ಉಳಿದು ಸೋಮವಾರ ಬೆಳಿಗ್ಗೆ ಇಲ್ಲಿಂದಲೇ ಕೆಲಸಕ್ಕೆ ಹೊರಡಿ. ನಿಮ್ಮ ಮನೆಯವರು ನಮ್ಮ ಗುಂಪಿನ ಜೊತೆ ಥಾಣೆಯವರೆಗೆ ಬರಲಿ, ಎಲ್ಲಿ ನಿಲ್ಲಬೇಕು, ಯಾವಾಗ ಏಳಬೇಕು ಎಂದು ತೋರಿಸಿಕೊಡುತ್ತೇವೆ. ಉಳಿಯಲು ಜಾಗ ಸಿಗದಿದ್ದರೆ ನಮ್ಮ ಮನೆಯೇ ಇದೆ. ಯಾವ ಸೋಮವಾರ ಎಂದು ಖಾಸಗಿ ಸಂದೇಶ ಕಳುಹಿಸಿ.